ಕೋಳಿಯ ಕಾವು

ಕನ್ನಡದಲ್ಲಿ ‘ಕಾಯು’ ಎಂಬ ಮಾತು ಮೂರು ಕಡೆ ದುಡಿಯುತ್ತದೆ. ಒಲೆಯ ಮೇಲೆ ನೀರು ಕಾಯುತ್ತದೆ. ಅಟ್ಟಣೆಯ ಮೇಲೆ ಕುಳಿತು ರೈತ ಹೊಲ ಕಾಯುತ್ತಾನೆ. ಪರಸ್ಥಳಕ್ಕೆ ಹೋದ ಮಗನಿಗಾಗಿ ತಾಯಿ ಕಾಯುತ್ತಾಳೆ. ಬಿಸಿಯಾಗುವುದು, ರಕ್ಷಿಸುವುದು, ಎದುರುನೋಡುವುದು: ಈ ಮೂರೂ ಒಂದೇ ರೂಪದಲ್ಲಿ ನಮ್ಮ ನಾಲಿಗೆಯ ಮೇಲಿವೆ. ಬಿಸಿಯಾಗುವುದೆಂಬ ಅರ್ಥದ ಧಾತು ಬೇರೆ, ರಕ್ಷಿಸುವುದೆಂಬ ಅರ್ಥದ ಧಾತು ಬೇರೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತರಗತಿಯಲ್ಲಿ ನಾನೂ ಹಾಗೆಯೇ ಪಾಠ ಹೇಳುವವನು. ಆದರೆ ಈ ಮೂರು ಕೆಲಸಗಳನ್ನೂ ಒಂದೇ ಆಸನದಲ್ಲಿ ಕುಳಿತು ಮಾಡುವ ಪ್ರಾಣಿಯೊಂದುಂಟು. ಅದು ಕಾವಿಗೆ ಕೂತ ಕೋಳಿ. ಅದು ಮೊಟ್ಟೆಗೆ ಬಿಸಿ ಕೊಡುತ್ತದೆ, ಮೊಟ್ಟೆಯನ್ನು ಕಾಪಾಡುತ್ತದೆ, ಮರಿಯ ಬರವನ್ನು ಕಾಯುತ್ತದೆ. ಈ ಮೂರನ್ನೂ ಮನುಷ್ಯನು ಒಂದೊಂದಾಗಿ ಅದರ ಕೈಯಿಂದ, ಅಲ್ಲ, ಅದರ ರೆಕ್ಕೆಯ ಅಡಿಯಿಂದ ತೆಗೆದುಕೊಂಡ ಕಥೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ್ದು. ಅರಸರ ಕಾಳಗಗಳನ್ನು ಬರೆದಿಟ್ಟಷ್ಟು ಆಸ್ಥೆಯಿಂದ ಇದನ್ನು ಯಾರೂ ಬರೆದಿಡಲಿಲ್ಲವಾದರೂ, ನಮ್ಮ ತಟ್ಟೆಯಲ್ಲಿರುವ ಮೊಟ್ಟೆಯ ಹಿಂದೆ ಇರುವುದು ಆ ಕಥೆಯೇ.

ನಾನು ಈ ವಿಷಯವನ್ನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ಅಜ್ಜಿಯಿಂದ. ಹ್ಯಾಟೆಯೊಂದು ಮೊಟ್ಟೆಯಿಡುವುದನ್ನು ನಿಲ್ಲಿಸಿ, ಮೂಲೆ ಹಿಡಿದು, ಹತ್ತಿರ ಹೋದರೆ ಮೈಯುಬ್ಬಿಸಿಕೊಂಡು ಗೊರಗೊರ ಸದ್ದು ಮಾಡತೊಡಗಿದರೆ ಅಜ್ಜಿಗೆ ತಿಳಿದುಬಿಡುತ್ತಿತ್ತು. ಒಂದು ಹಳೆಯ ಮಂಕರಿಯಲ್ಲಿ ಹೊಟ್ಟು ಹರಡಿ, ಮೇಲೆ ಹುಲ್ಲು ಹಾಸಿ, ಹೇನು ಹತ್ತದಿರಲೆಂದು ಬೂದಿಯನ್ನೂ ಬೇವಿನ ಸೊಪ್ಪನ್ನೂ ಇಟ್ಟು, ಒಂಬತ್ತೋ ಹನ್ನೊಂದೋ ಮೊಟ್ಟೆ ಜೋಡಿಸುವಳು. ಎಣಿಕೆ ಎಂದೂ ಸರಿಸಂಖ್ಯೆಯಾಗಕೂಡದು. ಕೊನೆಗೆ ಹುಲ್ಲಿನ ಅಡಿಯಲ್ಲಿ ಒಂದು ಕಬ್ಬಿಣದ ಚೂರನ್ನೂ ಒಂದು ತುಂಡು ಇದ್ದಿಲನ್ನೂ ಸೇರಿಸುವಳು. ಏಕೆಂದು ಕೇಳಿದರೆ, “ಗುಡುಗು ಬಂದ್ರೆ ಮೊಟ್ಟೆ ಕೆಡ್ತವೆ ಮಗ” ಎನ್ನುವಳು. ಅಷ್ಟಾದ ಮೇಲೆ ಸಂಜೆಯ ಕತ್ತಲಲ್ಲಿ ಕೋಳಿಯನ್ನು ತಂದು ಮೆಲ್ಲಗೆ ಕೂರಿಸುವಳು. ಹಗಲು ಕೂರಿಸಿದರೆ ಅದು ಎದ್ದು ಹೋಗುತ್ತದೆ. ರಾತ್ರಿ ಕೂತದ್ದು ಬೆಳಗಾಗುವುದರೊಳಗೆ ಆ ಜಾಗವನ್ನು ತನ್ನದೆಂದು ಒಪ್ಪಿಕೊಂಡಿರುತ್ತದೆ.

ಮುಂದಿನ ಇಪ್ಪತ್ತೊಂದು ದಿನ ಆ ಕೋಳಿ ನಡೆಸುವುದು ತಪಸ್ಸೇ ಸರಿ. ಅದರ ಎದೆಯ ಅಡಿಯಲ್ಲಿ ಗರಿ ಉದುರಿ ಬರಿಯ ಚರ್ಮ ಕಾಣಿಸಿಕೊಳ್ಳುತ್ತದೆ. ಅಲ್ಲಿ ರಕ್ತಸಂಚಾರ ಹೆಚ್ಚುತ್ತದೆ. ಕೋಳಿಯ ಮೈಯ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗೆ ಬೇಕಾದದ್ದು 37ರಿಂದ 38ರ ನಡುವೆ. ಆ ಬರಿಯ ಚರ್ಮವನ್ನು ಮೊಟ್ಟೆಗೆ ತಾಗಿಸಿ ಅದು ಈ ಹದವನ್ನು ಕಾಯುತ್ತದೆ. ದಿನಕ್ಕೆ ಹಲವಾರು ಬಾರಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹಾಗೆ ಹೊರಳಿಸದಿದ್ದರೆ ಒಳಗಿನ ಪಿಂಡವು ಪೊರೆಗೆ ಅಂಟಿಕೊಂಡು ಸಾಯುವ ಸಂಭವವುಂಟು. ದಿನಕ್ಕೊಮ್ಮೆ ಮಾತ್ರ ಎದ್ದು, ಕಾಳು ನೀರು ಮುಗಿಸಿ, ಇಷ್ಟು ಹೊತ್ತಿನಲ್ಲಿ ಮತ್ತೆ ಬಂದು ಕೂರುತ್ತದೆ. ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿಂದಲೇ ಮರಿ ಚಿಂವ್ ಎನ್ನುತ್ತದೆ. ತಾಯಿ ಹೊರಗಿನಿಂದ ಮೆಲುದನಿಯಲ್ಲಿ ಉತ್ತರ ಕೊಡುತ್ತದೆ. ಹುಟ್ಟುವ ಮೊದಲೇ ತಾಯಿಮಕ್ಕಳಿಗೆ ಪರಿಚಯವಾಗಿರುತ್ತದೆ.

ಕಾಡಿನ ಕೆಂಪುಕೋಳಿಗೆ ಈ ಗುಣವೇ ಕುಲದ ಆಧಾರ. ಅದು ಇಡುವುದೇ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ. ಅವುಗಳ ಮೇಲೆ ಕೂರದಿದ್ದರೆ ಕುಲವೇ ಇಲ್ಲ. ಮನುಷ್ಯನು ಅದನ್ನು ಎಲ್ಲಿ ಸಾಕತೊಡಗಿದನೆಂಬ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ವಾದವಿತ್ತು. ಸಿಂಧೂ ಬಯಲಿನ ಹೆಸರನ್ನೂ ಹೇಳುತ್ತಿದ್ದರು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತ, ಕ್ರಿ. ಪೂ. 1650ರಿಂದ 1250ರ ನಡುವಿನ ಮೂಳೆಗಳನ್ನು ಸಾಕುಕೋಳಿಯ ಅತ್ಯಂತ ಹಳೆಯ ನಿಶ್ಚಿತ ಕುರುಹೆಂದು ಗುರುತಿಸಿತು. ಬತ್ತ ಮತ್ತಿತರ ಧಾನ್ಯ ಬೆಳೆದ ಕಡೆಗೆ ಕಾಳಿನಾಸೆಗೆ ಕಾಡುಕೋಳಿ ತಾನಾಗಿ ಬಂದು ಸೇರಿತೆಂಬುದು ಆ ವಿದ್ವಾಂಸರ ಊಹೆ. ನಮ್ಮ ಹಿತ್ತಿಲುಗಳಲ್ಲಿ ಇಂದಿಗೂ ಕಾಣುವ ದೃಶ್ಯವನ್ನು ನೋಡಿದವರಿಗೆ ಈ ಊಹೆ ವಿಚಿತ್ರವೆನಿಸದು.

ನಮ್ಮ ಶಾಸ್ತ್ರಸಾಹಿತ್ಯಗಳಲ್ಲಿ ಕೋಳಿ ಉಂಟು, ಆದರೆ ಹೆಚ್ಚಾಗಿ ಹುಂಜ. ಮನುಸ್ಮೃತಿಯು ಊರುಕೋಳಿಯನ್ನು ದ್ವಿಜರಿಗೆ ನಿಷೇಧಿಸಿತು. ಕನ್ನಡದಲ್ಲಿ ಕೋಳಿಯೆಂದೊಡನೆ ನೆನಪಾಗುವುದು ಜನ್ನನ ಯಶೋಧರಚರಿತೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯಾದರೂ ಅದು ಕೂಗಿತು. ಸಂಕಲ್ಪಹಿಂಸೆಯ ಪಾಪ ಜನ್ಮಜನ್ಮಾಂತರಕ್ಕೆ ಬೆನ್ನುಹತ್ತಿತು. ಕೂಗುವ ಹುಂಜ, ಕಾದಾಡುವ ಹುಂಜ, ಬಲಿಯಾಗುವ ಹುಂಜ, ಇವು ಕವಿಗಳ ಕಣ್ಣಿಗೆ ಬಿದ್ದವು. ಮಂಕರಿಯಲ್ಲಿ ಮೂರು ವಾರ ಸದ್ದಿಲ್ಲದೆ ಕೂರುವ ಹ್ಯಾಟೆ ಅಡಿಗೆಮನೆಯ ಹಿಂದಿನ ವಿಷಯವಾಗಿ ಹೆಂಗಸರ ಪಾಲಿಗೇ ಉಳಿಯಿತು.

ರೋಮನರು ಈ ವಿಷಯದಲ್ಲಿ ನಾಚಿಕೆಪಟ್ಟುಕೊಳ್ಳಲಿಲ್ಲ. ಕ್ರಿ. ಶ. ಒಂದನೆಯ ಶತಮಾನದಲ್ಲಿ ಬೇಸಾಯದ ಮೇಲೆ ದೊಡ್ಡ ಗ್ರಂಥ ಬರೆದ ಕೊಲುಮೆಲ್ಲನು ಅದರ ಎಂಟನೆಯ ಭಾಗದಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವ ಕ್ರಮವನ್ನು ವಿವರವಾಗಿ ಹೇಳಿದ್ದಾನೆ. ಅದನ್ನು ಮೊದಲ ಬಾರಿ ಓದಿದಾಗ ನಾನು ಬೆರಗಾದೆ. ಮೊಟ್ಟೆಗಳು ಬೆಸಸಂಖ್ಯೆಯಲ್ಲಿರಬೇಕು ಎನ್ನುತ್ತಾನೆ ಆತ. ಗುಡುಗಿನಿಂದ ಕೆಡದಿರಲೆಂದು ಅನೇಕರು ಗೂಡಿನ ಹುಲ್ಲಿನಡಿ ಬೆಳ್ಳುಳ್ಳಿಯ ಗೆಡ್ಡೆ ಮತ್ತು ಕಬ್ಬಿಣದ ಮೊಳೆ ಇಡುತ್ತಾರೆ ಎಂದೂ ಬರೆಯುತ್ತಾನೆ. ಲ್ಯಾಟಿನ್ ಭಾಷೆಯ ಹೆಸರನ್ನೇ ಕೇಳದಿದ್ದ ನನ್ನ ಅಜ್ಜಿಯೂ ರೋಮಿನ ಆ ಗ್ರಂಥಕಾರನೂ ಒಂದೇ ಶಾಲೆಯಲ್ಲಿ ಓದಿದವರಂತೆ ಕಂಡರು. ಯಾರಿಂದ ಯಾರು ಕಲಿತರೆಂದು ಹುಡುಕುವುದು ವ್ಯರ್ಥ. ಮೊಟ್ಟೆ ಏಕೆ ಕೆಟ್ಟಿತೆಂದು ತಿಳಿಯದೆ ಮರುಗಿದ ಮನಸ್ಸು ಎಲ್ಲ ಕಡೆಯೂ ಆಕಾಶದ ಕಡೆಗೇ ನೋಡಿರಬೇಕು.

ಇನ್ನೊಂದು ಹೋಲಿಕೆ ಅಷ್ಟು ಹಿತವಾದದ್ದಲ್ಲ. ಎಳೆಯ ಕೋಳಿಗಳು ಕಾವಿಗಿಂತ ಮೊಟ್ಟೆಗೇ ಹೆಚ್ಚು ಉಪಯುಕ್ತವೆಂದೂ, ಅವುಗಳ ಕಾವಿನ ಆಸೆಯನ್ನು ಅಡಗಿಸಲು ಮೂಗಿನ ಹೊಳ್ಳೆಗಳಲ್ಲಿ ಒಂದು ಸಣ್ಣ ಗರಿಯನ್ನು ತೂರಿಸಬೇಕೆಂದೂ ಕೊಲುಮೆಲ್ಲ ಹೇಳುತ್ತಾನೆ. ನಮ್ಮ ಹಳ್ಳಿಯಲ್ಲಿಯೂ ಇದೇ ಉಪಾಯವಿತ್ತು. ತಣ್ಣೀರಿನಲ್ಲಿ ಅದ್ದುವುದು, ಕಾಲು ಕಟ್ಟುವುದು, ಕೊನೆಗೆ ಗರಿ ಚುಚ್ಚುವುದು. ಮೂಗಿನಲ್ಲಿ ಗರಿ ಸಿಕ್ಕಿಸಿಕೊಂಡು ತಲೆ ಕೊಡವುತ್ತ ಅಂಗಳದಲ್ಲೆಲ್ಲ ಓಡಾಡುವ ಕೋಳಿಯನ್ನು ಕಂಡು ನಾವು ಹುಡುಗರು ನಕ್ಕಿದ್ದೇವೆ. ಅಜ್ಜಿ ನಗುತ್ತಿರಲಿಲ್ಲ. ಸಂತೆಯಲ್ಲಿ ಮಾರುವ ಮೊಟ್ಟೆಯ ಕಾಸು ಮನೆಯ ಗಂಡಸರು ಲೆಕ್ಕ ಕೇಳದ ಏಕೈಕ ಹಣ. ನನ್ನ ನೋಟುಪುಸ್ತಕಗಳು ಬಂದದ್ದು ಅದರಿಂದಲೇ. ಕೋಳಿ ಕಾವಿಗೆ ಕೂತರೆ ಮೂರು ವಾರ, ಮರಿ ಸಾಕಿದರೆ ಮತ್ತೆರಡು ತಿಂಗಳು, ಆ ಕಾಸಿಲ್ಲ. ಯಾವ ಕೋಳಿಯನ್ನು ತಾಯಿಯಾಗಲು ಬಿಡಬೇಕು, ಯಾವುದರ ಮೂಗಿಗೆ ಗರಿ ಹಾಕಬೇಕು ಎಂಬ ತೀರ್ಪನ್ನು ಆಕೆ ಪ್ರತಿವರ್ಷ ಮಾಡಬೇಕಾಗಿತ್ತು. ಮುಂದಿನ ಇತಿಹಾಸವೆಲ್ಲ ಈ ಒಂದು ತೀರ್ಪಿನ ವಿಸ್ತರಣೆಯೆಂದೇ ಹೇಳಬಹುದು.

ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡಬಹುದೆ? ಈ ಪ್ರಶ್ನೆಗೆ ವಿನೋದದ ಉತ್ತರವೂ ಉಂಟು, ಗಂಭೀರವಾದ ಉತ್ತರವೂ ಉಂಟು. ಕ್ರಿ. ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲನು ಸಿರಾಕ್ಯೂಸಿನ ಕುಡುಕನೊಬ್ಬನ ಕಥೆ ಹೇಳುತ್ತಾನೆ. ಆತ ಚಾಪೆಯ ಕೆಳಗೆ ಮೊಟ್ಟೆಗಳನ್ನಿಟ್ಟುಕೊಂಡು, ಅವು ಮರಿಯಾಗುವವರೆಗೂ ಎಡೆಬಿಡದೆ ಕುಡಿಯುತ್ತ ಕೂತನಂತೆ. ರೋಮಿನ ಲಿವಿಯಾ ರಾಣಿಯ ಕಥೆಯನ್ನು ಪ್ಲಿನಿ ಹೇಳುತ್ತಾನೆ. ಆಕೆ ಮುಂದೆ ಚಕ್ರವರ್ತಿಯಾದ ಟೈಬೀರಿಯಸನನ್ನು ಗರ್ಭದಲ್ಲಿ ಹೊತ್ತಿದ್ದಾಗ ಹುಟ್ಟುವುದು ಗಂಡೋ ಹೆಣ್ಣೋ ಎಂದು ತಿಳಿಯಲು ಒಂದು ಮೊಟ್ಟೆಯನ್ನು ಎದೆಯಲ್ಲಿಟ್ಟುಕೊಂಡು ಕಾವು ಕೊಟ್ಟಳಂತೆ. ತಾನು ಇಡಲಾಗದ ಹೊತ್ತಿನಲ್ಲಿ ಬಿಸಿ ತಪ್ಪದಿರಲೆಂದು ದಾದಿಗೆ ಕೊಡುತ್ತಿದ್ದಳಂತೆ. ಕಡೆಗೆ ಹೊರಬಿದ್ದದ್ದು ಹುಂಜದ ಮರಿ; ಹುಟ್ಟಿದ್ದು ಗಂಡು ಮಗು.

ಗಂಭೀರವಾದ ಉತ್ತರವೂ ಅರಿಸ್ಟಾಟಲನಲ್ಲಿಯೇ ಇದೆ. ಕಾವಿಗಿಟ್ಟ ಮೊಟ್ಟೆಗಳನ್ನು ಬೇರೆಬೇರೆ ದಿನ ಒಡೆದು ನೋಡಿದವರ ಅರಿವು ಅವನ ಬರಹದಲ್ಲಿದೆ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ರಕ್ತದ ಚುಕ್ಕೆಯಂತೆ ಹೃದಯ ಕಾಣಿಸಿಕೊಂಡು ಮಿಡಿಯುತ್ತದೆಂದು ಅವನು ಬರೆದಿದ್ದಾನೆ. ಮೊಟ್ಟೆಯನ್ನು ನೆಲದಲ್ಲಿ ಗೊಬ್ಬರದ ರಾಶಿಯೊಳಗೆ ಹೂತಿಟ್ಟು ಮರಿ ಮಾಡುವ ಪದ್ಧತಿ ಈಜಿಪ್ಟಿನಲ್ಲುಂಟೆಂದೂ ಹೇಳಿದ್ದಾನೆ. ಕ್ರಿ. ಪೂ. ಒಂದನೆಯ ಶತಮಾನದ ಡಿಯೊಡೋರಸನೂ ಈಜಿಪ್ಟಿನವರು ಪಕ್ಷಿಯ ಕಾವಿಗೆ ಕಾಯದೆ ತಮ್ಮ ಕೈಚಳಕದಿಂದಲೇ ಕೋಳಿ ಹೆಬ್ಬಾತುಗಳನ್ನು ಲೆಕ್ಕವಿಲ್ಲದಷ್ಟು ಹುಟ್ಟಿಸುತ್ತಾರೆಂದು ಆಶ್ಚರ್ಯಪಟ್ಟಿದ್ದಾನೆ.

ಈ ಕೈಚಳಕ ನೆಲೆಗೊಂಡದ್ದು ಹಸಿ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ. ನಡುವೆ ಒಂದು ಓಣಿ. ಎರಡು ಪಕ್ಕದಲ್ಲಿಯೂ ಸಾಲಾಗಿ ಚಿಕ್ಕಚಿಕ್ಕ ಕೋಣೆಗಳು. ಒಂದೊಂದಕ್ಕೂ ಕೆಳಗೊಂದು ಮೇಲೊಂದು ಅಂತಸ್ತು. ಕೆಳಗೆ ಸಾವಿರಾರು ಮೊಟ್ಟೆ, ಮೇಲೆ ಬೆರಣಿ ಮತ್ತು ಹುಲ್ಲಿನ ಮಂದವಾದ ಬೆಂಕಿ. ಮೊದಲ ಹತ್ತು ಹನ್ನೊಂದು ದಿನ ಮಾತ್ರ ಬೆಂಕಿ ಬೇಕು. ಆಮೇಲೆ ಮೊಟ್ಟೆಯೊಳಗೆ ಬೆಳೆಯುತ್ತಿರುವ ಜೀವವೇ ಶಾಖವನ್ನು ಹುಟ್ಟಿಸುತ್ತದೆ. ಒಂದರ ಬಿಸಿ ಇನ್ನೊಂದನ್ನು ಕಾಯುತ್ತದೆ. ಆಳುಗಳು ಒಳಗೇ ತೆವಳಿ ಹೋಗಿ ಮೊಟ್ಟೆಗಳನ್ನು ಕೈಯಿಂದ ಹೊರಳಿಸುವರು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಹದ ತಿಳಿಯುತ್ತಿದ್ದುದು ಹೇಗೆ? ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿದು. ಮೈಯಲ್ಲಿ ಅಷ್ಟು ಸೂಕ್ಷ್ಮವಾದ ಚರ್ಮ ಬೇರೆಲ್ಲಿದೆ? ಕೋಳಿ ಎದೆಯ ಚರ್ಮದಿಂದ ಅರಿತದ್ದನ್ನು ಮನುಷ್ಯ ರೆಪ್ಪೆಯ ಚರ್ಮದಿಂದ ಅರಿತನು.

ನೈಲ್ ನದಿಯ ಮುಖಜಭೂಮಿಯ ಬೆರ್ಮಾ ಎಂಬ ಹಳ್ಳಿಯವರು ಈ ವಿದ್ಯೆಗೆ ಹೆಸರಾದರು. ತಂದೆಯಿಂದ ಮಗನಿಗೆ ಇಳಿದ ವಿದ್ಯೆ, ಹೊರಗಿನವರಿಗೆ ಹೇಳುತ್ತಿರಲಿಲ್ಲ. ಕಾಲ ಬಂದಾಗ ಊರೂರಿಗೆ ಹೋಗಿ ಒಲೆಮನೆಗಳನ್ನು ನಡೆಸಿಕೊಡುತ್ತಿದ್ದರು. 1836ರಲ್ಲಿ ಈಜಿಪ್ಟಿನ ಜನಜೀವನದ ಮೇಲೆ ಪುಸ್ತಕ ಪ್ರಕಟಿಸಿದ ಎಡ್ವರ್ಡ್ ಲೇನ್ ಎಂಬ ಆಂಗ್ಲ ವಿದ್ವಾಂಸನು ಅಲ್ಲಿನ ಒಪ್ಪಂದವನ್ನು ಹೇಳಿದ್ದಾನೆ: ರೈತರು ಮೊಟ್ಟೆ ತಂದುಕೊಡುವರು, ಸಾಮಾನ್ಯವಾಗಿ ಎರಡು ಮೊಟ್ಟೆಗೆ ಪ್ರತಿಯಾಗಿ ಒಂದು ಮರಿ ಪಡೆಯುವರು. ಲೆಕ್ಕ ಸರಳ, ಆದರೆ ಅದರಲ್ಲಿ ದೊಡ್ಡದೊಂದು ಪಲ್ಲಟವಿದೆ. ಕೋಳಿ ರೈತನ ಮನೆಯಲ್ಲಿಯೇ ಉಳಿಯಿತು. ಕಾವು ಮಾತ್ರ ಒಲೆಮನೆಗೆ ಹೋಯಿತು. ಮನೆಯ ಹೆಂಗಸಿಗೆ ಗೊತ್ತಿದ್ದ ವಿದ್ಯೆ ಕುಶಲಿಗಳ ಗುಟ್ಟಾಯಿತು. ಚೀನದಲ್ಲಿಯೂ ಬಾತುಮೊಟ್ಟೆಗಳನ್ನು ಬಿಸಿಮಾಡಿದ ಬತ್ತದ ಹೊಟ್ಟಿನೊಡನೆ ಬುಟ್ಟಿಗಳಲ್ಲಿಟ್ಟು ಮರಿ ಮಾಡುವ ಇಂಥದೇ ಕಸಬು ಬೆಳೆದಿತ್ತು.

ಯೂರೋಪಿನವರಿಗೆ ಈಜಿಪ್ಟಿನ ಈ ಗುಟ್ಟು ಬಹುಕಾಲ ಕುತೂಹಲ ಹುಟ್ಟಿಸಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ಎಂಬಾತನು ಬಿಸಿ ಹೆಚ್ಚಿದಾಗ ತಾನಾಗಿ ಗಾಳಿಯ ದಾರಿಯನ್ನು ಕಿರಿದುಗೊಳಿಸಿ ಬೆಂಕಿಯನ್ನು ತಗ್ಗಿಸುವ ಕಾವುಪೆಟ್ಟಿಗೆಯನ್ನು ರಚಿಸಿದನು. ಇಂದಿನ ಎಷ್ಟೋ ಸ್ವಯಂಚಾಲಿತ ಯಂತ್ರಗಳ ಮೂಲಪುರುಷನೆಂದು ಆ ಪೆಟ್ಟಿಗೆಯನ್ನು ಕರೆಯಬಹುದು. ಮುಂದೆ ಫ್ರಾನ್ಸಿನ ರೇಮೂರ್, ಉಷ್ಣಮಾಪಕಕ್ಕೆ ತನ್ನ ಹೆಸರಿನ ಅಳತೆಯನ್ನೇ ಕೊಟ್ಟ ವಿಜ್ಞಾನಿ, ಪ್ರವಾಸಿಗಳ ವರದಿಗಳನ್ನು ಕಲೆಹಾಕಿ, ಗೊಬ್ಬರದ ರಾಶಿಯಲ್ಲಿ ಪೀಪಾಯಿಗಳನ್ನು ಹೂತು ಪ್ರಯೋಗ ನಡೆಸಿ, 1749ರಲ್ಲಿ ಮೊಟ್ಟೆಯನ್ನು ಎಲ್ಲ ಋತುಗಳಲ್ಲಿಯೂ ಮರಿ ಮಾಡುವ ಕಲೆಯ ಬಗ್ಗೆ ಗ್ರಂಥ ಪ್ರಕಟಿಸಿದನು. ಈಜಿಪ್ಟಿನವರು ತಮ್ಮ ಪಿರಮಿಡ್ಡುಗಳಿಗಿಂತ ಈ ಒಲೆಗಳ ಬಗ್ಗೆ ಹೆಚ್ಚು ಹೆಮ್ಮೆಪಡಬೇಕೆಂದು ಆತ ಅಭಿಪ್ರಾಯಪಟ್ಟನು. ಸತ್ತ ಅರಸರ ಮನೆಗಿಂತ ಹುಟ್ಟುವ ಮರಿಗಳ ಮನೆ ಮೇಲೆಂಬ ಈ ಮಾತಿಗೆ ಒಪ್ಪದವರಾರು? ರೇಮೂರನಿಂದಾದ ಮುಖ್ಯ ಬದಲಾವಣೆಯೆಂದರೆ, ರೆಪ್ಪೆಯ ಜಾಗಕ್ಕೆ ಉಷ್ಣಮಾಪಕ, ಸ್ಪರ್ಶದ ಜಾಗಕ್ಕೆ ಅಂಕಿ ಬಂದದ್ದು. ಅಂಕಿಯನ್ನು ಬರೆದಿಡಬಹುದು, ಅಚ್ಚು ಹಾಕಿಸಬಹುದು. ಬೆರ್ಮಾದವರ ಗುಟ್ಟಿಗೆ ಅಂದೇ ಕೊನೆಗಾಲ ಬಂದಿತ್ತು.

ಮುಂದಿನದು ವೇಗದ ಕಥೆ. 1879ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪೆಟಲುಮಾ ಎಂಬ ಊರಿನಲ್ಲಿ ಲೈಮನ್ ಬೈಸ್ ಎಂಬಾತನು ವ್ಯಾಪಾರಕ್ಕೆ ಒದಗುವಂಥ ಕಾವುಯಂತ್ರವನ್ನು ಸಿದ್ಧಪಡಿಸಿದನು. ಆ ಊರು ಜಗತ್ತಿನ ಮೊಟ್ಟೆಬುಟ್ಟಿಯೆಂದು ಹೆಸರು ಪಡೆಯಿತು. 1881ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನ್ ಶಾಖವನ್ನು ತಾನಾಗಿ ಹದದಲ್ಲಿಡುವ ಒಂದು ಚಿಕ್ಕ ಲೋಹದ ಸಂಪುಟವನ್ನು ಬಳಕೆಗೆ ತಂದನು. ರಾತ್ರಿಯಿಡೀ ಎದ್ದು ದೀಪ ನೋಡಬೇಕಾದ ಕಷ್ಟ ತಪ್ಪಿತು. ಕಾಯುವುದೆಂಬ ಮಾತಿನ ಮೊದಲ ಅರ್ಥ ಬೆರ್ಮಾದಲ್ಲಿಯೇ ಕೋಳಿಯಿಂದ ದೂರವಾಗಿತ್ತು. ಈಗ ಎರಡನೆಯದೂ, ಎಚ್ಚರವಾಗಿದ್ದು ಕಾಪಾಡುವುದೂ, ಯಂತ್ರದ ಪಾಲಾಯಿತು.

ತಾಯಿಯ ಅಗತ್ಯವನ್ನು ಕಡಿಮೆಮಾಡಲು ಪ್ರಕೃತಿಯ ಒಂದು ಏರ್ಪಾಡೂ ನೆರವಾಯಿತು. ಒಡೆಯುವ ಸ್ವಲ್ಪ ಮೊದಲು ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಅದರ ಬಲದಿಂದ ಎರಡು ದಿನ ಕಾಳು ನೀರಿಲ್ಲದೆಯೂ ಬದುಕಬಲ್ಲದು. ಮೊದಲು ಒಡೆದ ಮರಿಗಳು ಹಿಂದುಳಿದ ಒಡಹುಟ್ಟುಗಳಿಗಾಗಿ ತಾಯಿಯ ಅಡಿಯಲ್ಲಿ ಕಾಯಲೆಂದು ಆದ ಅನುಕೂಲವಿದು. ವ್ಯಾಪಾರಿಗಳು ಇದನ್ನು ಪ್ರಯಾಣದ ಬುತ್ತಿಯಾಗಿ ಮಾಡಿದರು. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ಸಾಗಿಸಲು ಒಪ್ಪಿತು. ಕಾಗದ ಬರುವಂತೆ ಕೋಳಿಮರಿ ಮನೆಬಾಗಿಲಿಗೆ ಬಂದಿತು.

ಕೊನೆಗೆ ಉಳಿದದ್ದು ಕೋಳಿಯ ಆಸೆಯೊಂದೇ. ಕಾವು ಕೊಡುವ ಯಂತ್ರ ಬಂದ ಮೇಲೆ ಕಾವಿಗೆ ಕೂರುವ ಕೋಳಿ ನಷ್ಟದ ಬಾಬು. ಯಾವ ಗುಣದಿಂದ ಆ ಕುಲ ಉಳಿದಿತ್ತೋ ಅದನ್ನೇ ದೋಷವೆಂದು ಬರೆಯತೊಡಗಿದರು. ಕಾವಿಗೆ ಕೂರದ ತಾಯಿಯ ಮಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದರು. ಬಿಳಿಯ ಲೆಗ್‌ಹಾರ್ನ್ ಈ ಆಯ್ಕೆಯ ಪ್ರಸಿದ್ಧ ಫಲ. 1935ರಲ್ಲಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಚುಚ್ಚಿದರೆ ಕೋಳಿ ಕಾವಿಗೆ ಕೂರುತ್ತದೆಂದು ತೋರಿಸಿದರು. ಅಜ್ಜಿ ‘ಕಾವಿಗೆ ಬಂದದೆ’ ಎನ್ನುತ್ತಿದ್ದುದಕ್ಕೆ ರಕ್ತದಲ್ಲಿ ಕಾರಣ ಸಿಕ್ಕಿತು. ಕೊಲುಮೆಲ್ಲನ ಗರಿ ಒಂದು ಕೋಳಿಯನ್ನು ಒಂದು ಸಲ ತಡೆಯುತ್ತಿತ್ತು. ಈ ಹೊಸ ಗರಿ ಇಡೀ ಕುಲದ ಮೂಗಿನಲ್ಲಿ ಸಿಕ್ಕಿತು. ಕಾಡಿನಲ್ಲಿ ಹದಿನೈದಿಟ್ಟ ಹಕ್ಕಿಯ ವಂಶ ಈಗ ವರ್ಷಕ್ಕೆ ಮುನ್ನೂರಕ್ಕೂ ಮೇಲೆ ಮೊಟ್ಟೆಯಿಡುತ್ತದೆ.

ಇದನ್ನು ಕೇವಲ ಶೋಕಗೀತೆಯಾಗಿ ಹಾಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ರಾಜ್ಯದ ಶಾಲೆಗಳಲ್ಲಿ ಬಡಮಕ್ಕಳ ಊಟದೊಡನೆ ಮೊಟ್ಟೆ ಕೊಡುವುದು ಸಾಧ್ಯವಾಗಿರುವುದು ಈ ಯಂತ್ರದಿಂದ, ಈ ಕೂರದ ಕೋಳಿಯಿಂದ. ಅಜ್ಜಿಯ ಮಂಕರಿಯನ್ನು ನಂಬಿದ್ದರೆ ಮೊಟ್ಟೆ ಹಬ್ಬದ ವಸ್ತುವಾಗಿಯೇ ಉಳಿಯುತ್ತಿತ್ತು. ಆದರೆ ಬೆಲೆ ಕೊಟ್ಟವರ ಹೆಸರನ್ನೂ ಇತಿಹಾಸ ಬರೆಯಬೇಕು. ಮೊಟ್ಟೆಯ ತಳಿಯಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಅವು ಮೊಟ್ಟೆಯಿಡವು, ಮಾಂಸಕ್ಕೂ ಬೇಗ ಬೆಳೆಯವು. ಯಂತ್ರದ ಮನೆಗಳಲ್ಲಿ ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಲೋಕದಾದ್ಯಂತ ಬೆಳೆಯಿತು. ಹಿಟ್ಟಿನ ಕೋಳಿಯನ್ನು ಕೊಂದುದಕ್ಕೆ ಏಳು ಭವಗಳ ಲೆಕ್ಕ ಬರೆದ ನಾಡಿನವರು ನಾವು. ಈ ಲೆಕ್ಕವನ್ನು ಬರೆಯದೆ ಬಿಡಲಾದೀತೆ?

ಬಿಸಿಯನ್ನೂ ರಕ್ಷಣೆಯನ್ನೂ ಯಂತ್ರಕ್ಕೆ ಒಪ್ಪಿಸಿದ್ದಾಯಿತು. ಮೂರನೆಯದಾದ ಕಾಯುವಿಕೆಯ ಬಗ್ಗೆ ನನ್ನದೊಂದು ಹಳೆಯ ಸಾಲ ಉಂಟು. ನನಗೆ ಎಂಟು ವರ್ಷವಿದ್ದಾಗ, ಇಪ್ಪತ್ತೊಂದನೆಯ ದಿನ, ಮಂಕರಿಯಲ್ಲಿ ಒಂದು ಮೊಟ್ಟೆ ಬೆಳಗಿನಿಂದ ಸಣ್ಣ ತೂತಾಗಿ ಹಾಗೆಯೇ ನಿಂತಿತ್ತು. ಒಳಗೆ ಕೊಕ್ಕು ಅಲುಗುತ್ತಿತ್ತು. “ಮುಟ್ಬ್ಯಾಡ ಮಗ, ಅದರ ಹೊತ್ಗೆ ಅದು ಬತ್ತದೆ” ಎಂದು ಹೇಳಿ ಅಜ್ಜಿ ಹೊಲಕ್ಕೆ ಹೋದಳು. ನಾನು ಕಾಯಲಾರದೆ ಉಗುರಿನಿಂದ ಚಿಪ್ಪು ಬಿಡಿಸಿದೆ. ಪೊರೆಯಿಂದ ರಕ್ತ ಬಂತು. ಹೊಟ್ಟೆಯ ಹಳದಿ ಇನ್ನೂ ಒಳಗೆ ಹೋಗಿರಲಿಲ್ಲ. ಸಂಜೆಯ ಹೊತ್ತಿಗೆ ಮರಿ ಸತ್ತಿತ್ತು. ಆ ತೂತಿಗೂ ಒಡೆಯುವುದಕ್ಕೂ ನಡುವಿನ ಅರ್ಧ ದಿನ ಮರಿ ಸುಮ್ಮನಿರುವುದಿಲ್ಲ, ಪೊರೆಯ ರಕ್ತವನ್ನೂ ಹಳದಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ ಎಂದು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ತಾಯಿಕೋಳಿಗೆ ಅದು ಓದದೆಯೇ ತಿಳಿದಿತ್ತು. ಯಂತ್ರಕ್ಕೂ ಈ ಮೂರನೆಯದರಿಂದ ಬಿಡುಗಡೆಯಿಲ್ಲ. ಲಕ್ಷ ಮೊಟ್ಟೆಯ ಪೆಟ್ಟಿಗೆಯಾದರೂ ಇಪ್ಪತ್ತೊಂದು ದಿನವನ್ನು ಇಪ್ಪತ್ತು ಮಾಡಲಾಗಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಪಕ್ಕದ ಮನೆಯ ಅಕ್ಕ ಮಂಕರಿಯೊಂದನ್ನು ತೋರಿಸಿದರು. ಹೆಬ್ಬಾಳದ ವಿಜ್ಞಾನಿಗಳು ಹಳ್ಳಿಯ ಹಿತ್ತಿಲಿಗೆಂದೇ ರೂಪಿಸಿದ ಗಿರಿರಾಜ ತಳಿಯ ಮೊಟ್ಟೆಗಳನ್ನು ತಂದು ನಾಟಿ ಹ್ಯಾಟೆಯ ಕೆಳಗೆ ಇಟ್ಟಿದ್ದರು. ದೊಡ್ಡ ಮೊಟ್ಟೆಗಳು, ಕೋಳಿ ರೆಕ್ಕೆಯನ್ನು ಚಾಚಿ ಹೇಗೋ ಮುಚ್ಚಿಕೊಂಡು ಕೂತಿತ್ತು. “ಎಷ್ಟು ದಿನ ಆಯ್ತಕ್ಕ?” ಎಂದೆ. “ಹದಿನಾರು. ಇನ್ನೈದು ದಿನ ಇದ್ದು ನೋಡ್ಕಂಡೇ ಹೋಗು” ಎಂದರು. ನನಗೆ ಮರುದಿನ ಕಾಲೇಜಿತ್ತು. ಹುಲ್ಲನ್ನು ಸ್ವಲ್ಪ ಸರಿಸಿ ನೋಡಿದೆ. ಅಡಿಯಲ್ಲಿ ತುಕ್ಕು ಹಿಡಿದ ಕುಡುಗೋಲಿನ ತುಂಡೊಂದಿತ್ತು. ಕೋಳಿ ನನ್ನ ಕೈಯನ್ನು ಕುಕ್ಕಿತು. ನಾನು ಹುಲ್ಲನ್ನು ಮೊದಲಿನಂತೆ ಮುಚ್ಚಿ ಹಿಂದಕ್ಕೆ ಬಂದೆ.